ಕತ್ತಿ ಮಸೆದ ವಾರಗಿತ್ತಿ

ಅಕ್ಕ ಎಂದು ನಾನು ಕರೆಯುವುದು ಒಡಹುಟ್ಟಿದವಳನ್ನಲ್ಲ. ಅವಳು ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ನಮ್ಮದು ಒಂದೇ ಮನೆ, ಒಂದೇ ಒಲೆ, ಒಂದೇ ನಲ್ಲಿ. ವಾರಗಿತ್ತಿಯರು ಜಗಳವಿಲ್ಲದೆ ಇರುವುದುಂಟೇ ಎಂದು ಅಕ್ಕಪಕ್ಕದವರು ಕೇಳುತ್ತಾರೆ. ಜಗಳವಾಡಲು ಇಬ್ಬರಿಗೂ ಪುರುಸೊತ್ತು ಬೇಕಲ್ಲ? ಅವಳು ಬೆಳಕು ಹರಿಯುವ ಮೊದಲೇ ಕಾರ್ಖಾನೆಯ ಕ್ಯಾಂಟೀನಿಗೆ ಹೊರಡುತ್ತಾಳೆ, ನಾನು ಮನೆಕೆಲಸ ಮುಗಿಸಿ ಹೊಲಿಗೆ ಅಂಗಡಿಗೆ ಹೊರಡುತ್ತೇನೆ. ಸಂಜೆ ಇಬ್ಬರೂ ಮನೆ ಸೇರುವ ಹೊತ್ತಿಗೆ ಬೈಯುವ ಶಕ್ತಿ ಯಾರಲ್ಲೂ ಉಳಿದಿರುವುದಿಲ್ಲ.

ಕ್ಯಾಂಟೀನಿನಲ್ಲಿ ಅವಳದು ತರಕಾರಿ ಹೆಚ್ಚುವ ಕೆಲಸ. ಹೆಚ್ಚುವುದು ಎಂದರೆ ಮನೆಯಲ್ಲಿ ಕೂತು ಎರಡು ಈರುಳ್ಳಿ ಹೆಚ್ಚಿ ಕೈ ತೊಳೆದುಕೊಂಡ ಹಾಗಲ್ಲ. ಮೂಟೆ ಬಿಚ್ಚಿ ಸುರಿಯುತ್ತಾರೆ, ಅದು ಮುಗಿಯುವಷ್ಟರಲ್ಲಿ ಇನ್ನೊಂದು ಮೂಟೆ. ಭಾವ ಕೆಲಸ ಮಾಡುತ್ತಿದ್ದ ಗಿರಣಿ ಮುಚ್ಚಿದಾಗ, ಅವರಿಗೆ ಬೇರೆ ಕಡೆ ಸಿಗುವವರೆಗೆ ಎಂದು ಇವಳು ಸೇರಿಕೊಂಡದ್ದು. ಭಾವನಿಗೆ ಬೇರೆ ಕಡೆ ರಾತ್ರಿ ಕಾವಲಿನ ಕೆಲಸ ಸಿಕ್ಕಿ ಎಷ್ಟೋ ಕಾಲವಾಯಿತು. ಇವಳು ತರಕಾರಿ ಹೆಚ್ಚುವ ಹಲಗೆ ಬಿಟ್ಟು ಬರಲೇ ಇಲ್ಲ, ಅಲ್ಲೇ ನಿಂತು ನಿಂತು ತಲೆ ನರೆಯಿತು.

ಬಿಡದೇ ಇದ್ದದ್ದಕ್ಕೆ ಸಂಬಳ ಒಂದು ಕಾರಣವಾದರೆ ಇನ್ನೊಂದು ಕಾರಣ ಗಿಣಿ. ಗಿಣಿ ಎಂದರೆ ಎದುರು ಹಲಗೆಯವಳು. ಬಾಗಿದ ಮೂಗು, ನಿಲ್ಲದ ಮಾತು, ಹಾಗಾಗಿ ಆ ಹೆಸರು. ಒಂದೇ ಉದ್ದನೆಯ ಮೇಜು, ಆ ಕಡೆ ಅವಳು, ಈ ಕಡೆ ಇವಳು, ನಡುವೆ ರಾಶಿ. ಎಲೆಕೋಸು ಸುರಿದ ದಿನ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲವಂತೆ. ಹೆಚ್ಚುತ್ತಾ ಹೋದಂತೆ ಮೊದಲು ಬೈತಲೆ, ಆಮೇಲೆ ಹಣೆ. ಗಿಣಿಯ ಮೂಗು ಕಂಡಿತೆಂದರೆ ಅರ್ಧ ಕೆಲಸ ಮುಗಿಯಿತೆಂದೇ ಲೆಕ್ಕ ಎಂದು ಅಕ್ಕ ಮನೆಗೆ ಬಂದು ಹೇಳಿ ನಗುತ್ತಿದ್ದಳು. ಅವಳು ನಗುವುದೇ ಅಪರೂಪ. ನಕ್ಕರೆ ಅದು ಗಿಣಿಯ ವಿಷಯಕ್ಕೇ ಆಗಿರುತ್ತಿತ್ತು.

ಆ ಅಡುಗೆಮನೆಯಲ್ಲಿ ದೊಡ್ಡ ಚಾಕುವಿಗೆ ಕತ್ತಿ ಎನ್ನುತ್ತಾರೆ. ಸಿಪ್ಪೆ ತೆಗೆಯುವ ಸಣ್ಣದು ಮಾತ್ರ ಚಾಕು. ಅಕ್ಕನ ಬಾಯಿಂದ ಈ ಮಾತು ನಮ್ಮ ಮನೆಗೂ ಬಂದು ತಳವೂರಿತು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನ ರಾದ್ಧಾಂತಕ್ಕೆಲ್ಲ ಈ ಒಂದು ಪದವೇ ಕಾರಣ. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕತ್ತಿ. ಒಬ್ಬರದನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಆದರೆ ಅಕ್ಕನ ಕತ್ತಿಯನ್ನೂ ತನ್ನ ಕತ್ತಿಯನ್ನೂ ಗಿಣಿಯೇ ಮಸೆಯುತ್ತಿದ್ದಳು. ವಾರದ ಕೊನೆಗೆ ಕೆಲಸ ಮುಗಿದ ಮೇಲೆ ಹಿತ್ತಲಿನ ಕಟ್ಟೆಯ ಮೇಲೆ ಕೂತು ಎರಡನ್ನೂ ಮಸೆದು, ಅಕ್ಕನದನ್ನು ಬಟ್ಟೆಯಲ್ಲಿ ಸುತ್ತಿ ಕೈಗಿಡುತ್ತಿದ್ದಳು. ಗಿಣಿಗೆ ಈರುಳ್ಳಿ ಆಗಿಬರುವುದಿಲ್ಲ, ಕಣ್ಣು ಮೂಗೆಲ್ಲ ನೀರು. ಅವಳ ಪಾಲಿನ ಈರುಳ್ಳಿಯನ್ನು ಅಕ್ಕ ಹೆಚ್ಚುತ್ತಿದ್ದಳು. ಹೀಗೆ ಮಾಡೋಣ ಎಂದು ಇಬ್ಬರೂ ಮಾತಾಡಿಕೊಂಡದ್ದಲ್ಲ, ಹೇಗೋ ಶುರುವಾಗಿ ಹಾಗೇ ನಡೆದುಕೊಂಡು ಬಂದದ್ದು.

ಹಳೆಯ ಉಸ್ತುವಾರಿ ಕೆಲಸ ಬಿಟ್ಟು ಹೋದಾಗ ಮೇಲಿನವರು ಆ ಜಾಗಕ್ಕೆ ಗಿಣಿಯನ್ನು ಕೂರಿಸಿದರು. ಮಾತು ಬಲ್ಲವಳು, ಯಾರ ಮುಂದೆಯೂ ಅಳುಕುವವಳಲ್ಲ. ಉಗ್ರಾಣದ ಬೀಗದ ಕೈಗೊಂಚಲು ಅವಳ ಸೊಂಟಕ್ಕೆ ಬಂತು, ಉಗ್ರಾಣದ ಬಾಗಿಲಲ್ಲಿ ಅವಳಿಗೊಂದು ಮೇಜು ಬಂತು. ಆ ಸಂಜೆ ಅಕ್ಕ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಸುದ್ದಿ ಹೇಳಿದಳು.

"ಒಳ್ಳೇದೇ ಆಯ್ತು ಬಿಡು. ಅವಳ ಮೊಣಕಾಲಿಗೆ ನಿಂತು ಮಾಡೋ ಕೆಲಸ ಇನ್ನು ಆಗ್ತಿರಲಿಲ್ಲ," ಎಂದಳು.

"ನೀನು ಅವಳಿಗಿಂತ ಮೊದಲು ಸೇರಿದವಳಲ್ವಾ ಅಕ್ಕ?" ಎಂದೆ. ನನಗೆ ಇಂಥದ್ದನ್ನು ನುಂಗಿಕೊಂಡು ಗೊತ್ತಿಲ್ಲ.

"ಮೊದಲು ಸೇರಿದ್ರೆ ಏನೀಗ? ನಂಗೆ ನಾಲ್ಕು ಜನರ ಮುಂದೆ ಬಾಯಿ ಬರತ್ತಾ?" ಎಂದು ಒಳಗೆ ಹೋಗಿ ಪಾತ್ರೆಗೆ ಕೈ ಹಾಕಿದಳು. ಪಾತ್ರೆಗಳು ಅವತ್ತು ಸ್ವಲ್ಪ ಜೋರಾಗಿಯೇ ಸದ್ದು ಮಾಡಿದವು.

ಆ ವಾರದ ಕೊನೆಗೆ ಅಕ್ಕ ಕತ್ತಿ ಒರೆಸಿ ಹಿತ್ತಲ ಕಟ್ಟೆಯ ಮೇಲೆ ಕಾದು ಕೂತಳಂತೆ. ಗಿಣಿ ತರಕಾರಿ ಲಾರಿಯವನ ಜೊತೆ ತೂಕದ ವಿಷಯಕ್ಕೆ ಮಾತಿಗೆ ಬಿದ್ದಿದ್ದಳು. ಕತ್ತಲಾಗುವವರೆಗೂ ಅವಳು ಈ ಕಡೆ ತಿರುಗಲಿಲ್ಲ. ಅಕ್ಕ ಎದ್ದು ಬಂದಳು. ಮರುವಾರ ಕಾಯಲೇ ಇಲ್ಲ. ಕೇಳಿದ್ದರೆ ಗಿಣಿ ಒಲ್ಲೆ ಎನ್ನುತ್ತಿರಲಿಲ್ಲ, ನನಗೆ ಗೊತ್ತು. ಅಕ್ಕ ಕೇಳಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಎಲ್ಲರ ಮುಂದೆ ಗಿಣಿಯನ್ನು ನೀವು ಎಂದು ಕರೆಯತೊಡಗಿದಳು. "ಬೀನ್ಸ್ ಎಷ್ಟು ಹೆಚ್ಚಲಿ, ಹೇಳಿ." ಅಷ್ಟು ವರ್ಷ ಏನೇ, ಹೋಗೇ, ಬಾರೇ ಎಂದಿದ್ದ ಬಾಯಿ ಅದು. ಯಾರಾದರೂ ಕೇಳಿದರೆ ಮರ್ಯಾದೆ ಎಂದು ಹೇಳುತ್ತಿದ್ದಳು.

ಕತ್ತಿ ಮೊಂಡಾಗುತ್ತಾ ಬಂತು. ಮೊಂಡಾದಷ್ಟೂ ಒತ್ತಬೇಕು, ಒತ್ತಿದಷ್ಟೂ ಮಣಿಕಟ್ಟು ನೋಯಬೇಕು. ಸಂಜೆ ಮನೆಗೆ ಬಂದರೆ ಅವಳಿಗೆ ಲೋಟ ಎತ್ತಲಾಗುತ್ತಿರಲಿಲ್ಲ. ಎಡಗೈಯಲ್ಲಿ ತಲೆ ಬಾಚಿಕೊಳ್ಳುವುದನ್ನು ಕಲಿತಳು. ಡಾಕ್ಟರು ನೋಡಿ, ಕೈಗೆ ವಿಶ್ರಾಂತಿ ಕೊಡಿ ಎಂದರು. ಮನೆಗೆ ಬಂದು ಅದನ್ನು ನನಗೆ ಹೇಳುವಾಗ ಅಕ್ಕನ ಮುಖದ ಮೇಲೆ ಯಾವ ಭಾವನೆಯೂ ಇರಲಿಲ್ಲ. ಹಲಗೆ ಬಿಟ್ಟರೆ ಅವಳಿಗೆ ಉಳಿಯುವುದು ಪಾತ್ರೆ ತೊಳೆಯುವ ತೊಟ್ಟಿ. ಆಳೆತ್ತರದ ಡಬರಿಗಳೊಳಗೆ ಅರ್ಧ ಮೈ ಇಳಿಸಿ ಉಜ್ಜುವ ಕೆಲಸ. ಅಲ್ಲಿಗೆ ಹೋದವರ್ಯಾರೂ ಹಲಗೆಗೆ ಮರಳಿ ಬಂದಿಲ್ಲ. ಅವಳಿಗೆ ಬೇಕಾದದ್ದು ಇಷ್ಟೇ, ಆ ಹಲಗೆಯ ಮುಂದಿನ ಜಾಗ ತಪ್ಪಬಾರದು.

ಒಂದು ದಿನ ಕುಂಬಳಕಾಯಿಯ ಮೇಲೆ ಕತ್ತಿ ಜಾರಿ ಬೆರಳಿನ ತುದಿ ಕುಯ್ದುಹೋಯಿತು. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಕತ್ತಿಗೆ ಹಳೇ ಪೇಪರು ಸುತ್ತಿಕೊಂಡು ಮನೆಗೆ ಬಂದವಳು ಎರಡನ್ನೂ ನನಗೆ ತೋರಿಸಿದಳು.

"ಇದನ್ನ ನಾನೇ ಮಸೀತೀನಿ. ಹೇಗೆ ಅಂತ ನಿನ್ನ ಫೋನಲ್ಲಿ ನೋಡು," ಎಂದಳು.

ನೋಡಿದೆವು. ಯಾವುದೋ ದೇಶದ ಒಬ್ಬ ಮನುಷ್ಯ ಯಾವುದೋ ಭಾಷೆಯಲ್ಲಿ ಏನೇನೋ ಹೇಳುತ್ತಾ ಕತ್ತಿ ಮಸೆಯುತ್ತಿದ್ದ. ಮಾತು ಅರ್ಥವಾಗಲಿಲ್ಲ, ಕೈ ಅರ್ಥವಾಯಿತು. ಹಾರ್ಡ್‌ವೇರ್ ಅಂಗಡಿಯಿಂದ ಮಸೆಗಲ್ಲು ತಂದೆವು, ಒಂದು ಬದಿ ಒರಟು, ಇನ್ನೊಂದು ಬದಿ ನುಣುಪು. ನೀರಲ್ಲಿ ನೆನೆಹಾಕಿ ನಲ್ಲಿಯ ಹತ್ತಿರ ಶುರು ಮಾಡಿದಳು. ಹಗಲು ಮಲಗುವ ಭಾವ ಇನ್ನೂ ಎದ್ದಿರಲಿಲ್ಲ. ಒಳಗಿನಿಂದಲೇ ಕೂಗಿದರು.

"ಏನದು ಕರಕರ! ಹಲ್ಲೆಲ್ಲ ಜುಮ್ಮಂತಿದೆ. ಯಾರ ಕುತ್ತಿಗೆ ಕುಯ್ಯೋಕೆ ಹೊರಟಿದೀಯ?"

ಹಾಗಾಗಿ ಕಲ್ಲು ಹಿಂಬಾಗಿಲ ಮೆಟ್ಟಿಲಿಗೆ ಹೋಯಿತು. ಸಂಜೆಯ ಬೆಳಕು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಅಷ್ಟು ಹೊತ್ತು ಅವಳ ಪಾಠ.

ಮೊದಮೊದಲು ಕತ್ತಿ ಇದ್ದದ್ದಕ್ಕಿಂತ ಹಾಳಾಯಿತು. ಅಲಗಿನ ಮೇಲೆಲ್ಲ ಗೀರು, ಅಂಚು ಅಂಕುಡೊಂಕು. ಫೋನಿನ ಮನುಷ್ಯ ಮಗುವಿನ ಬೆನ್ನು ಸವರಿದ ಹಾಗೆ ಎಳೆಯುತ್ತಿದ್ದರೆ ಇವಳು ಕಲ್ಲೇ ಜಾರುವಂತೆ ಒತ್ತುತ್ತಿದ್ದಳು.

"ಅಕ್ಕ, ಒತ್ತಬೇಡ. ಅವನ ಕೈ ನೋಡು, ತೇಲಿಸ್ತಿದಾನೆ."

"ನೋಡ್ತಿದೀನಿ. ಮೊಂಡುಕತ್ತಿ ಒತ್ತಿ ಒತ್ತಿ ರೂಢಿಯಾಗ್ಬಿಟ್ಟಿದೆ ಕಣೇ. ಕೈ ನನ್ನ ಮಾತು ಕೇಳ್ತಿಲ್ಲ."

ಹೇಳಿ ಕಲ್ಲಿನ ಪಕ್ಕದಲ್ಲೇ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಅವತ್ತು ಹಾಗೇ ನಿದ್ದೆ ಹೋದಳು. ನಾನು ಕತ್ತಿಯನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದಿಟ್ಟು ಒಲೆಯ ಮುಂದೆ ಹೋದೆ. ನನಗೂ ಆ ದಿನ ಅಲ್ಲೇ ಪಕ್ಕದಲ್ಲಿ ಒರಗಿಬಿಡೋಣ ಅನ್ನಿಸಿತ್ತು.

ಕತ್ತಿಯನ್ನು ಎಷ್ಟು ವಾಲಿಸಿ ಹಿಡಿಯಬೇಕು ಎಂಬುದೇ ದೊಡ್ಡ ತಲೆನೋವು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ನಾನು ಅಂಗಡಿಯಿಂದ ಕೋಟಿನ ದಪ್ಪ ಗುಂಡಿಗಳನ್ನು ತಂದು ಒಂದರ ಮೇಲೊಂದು ಅಂಟಿಸಿ ಕೊಟ್ಟೆ. ಕತ್ತಿಯ ಬೆನ್ನನ್ನು ಅದರ ಮೇಲಿಟ್ಟರೆ ಬೇಕಾದಷ್ಟೇ ಎತ್ತರ. ಪ್ರತಿ ಸಲ ಅದರ ಮೇಲಿಟ್ಟು ಅಳತೆ ನೋಡಿಕೊಂಡು, ಆಮೇಲೆ ಅದನ್ನು ಸರಿಸಿ ಎಳೆಯುವಳು. ಒಂದು ಬದಿ ಸಾಕಷ್ಟು ಮಸೆದಾಗ ಇನ್ನೊಂದು ಬದಿಯ ಅಂಚಿನಲ್ಲಿ ಕಣ್ಣಿಗೆ ಕಾಣದ ತರಿ ಏಳುತ್ತದೆ, ಹೆಬ್ಬೆರಳಿಗೆ ಮಾತ್ರ ತಿಳಿಯುತ್ತದೆ. ಅದು ಎದ್ದರೆ ಕತ್ತಿ ತಿರುಗಿಸಬೇಕು. ಅದು ಸಿಗಲು ಅವಳಿಗೆ ಬಹಳ ದಿನ ಹಿಡಿಯಿತು. ಸಿಕ್ಕ ಸಂಜೆ ನನ್ನ ಹೆಬ್ಬೆರಳನ್ನು ಹಿಡಿದು ತಾನೇ ಅಂಚಿನ ಮೇಲೆ ಸವರಿಸಿದಳು. "ಗೊತ್ತಾಯ್ತಾ? ಗೊತ್ತಾಯ್ತಾ?" ಎಂದಳು. ನನಗೇನೂ ಗೊತ್ತಾಗಲಿಲ್ಲ. ಹೂಂ ಎಂದೆ.

ಕೊನೆಗೆ ಭಾವನ ಹಳೇ ಚರ್ಮದ ಬೆಲ್ಟಿಗೆ ತೀಡಿ, ಒಂದು ಹಣ್ಣು ಟೊಮೆಟೊ ಹಲಗೆಯ ಮೇಲಿಟ್ಟಳು. ಒತ್ತಲಿಲ್ಲ. ಕತ್ತಿಯನ್ನು ಹಾಗೇ ಎಳೆದಳು, ಟೊಮೆಟೊ ತಾನಾಗಿ ಬಿಲ್ಲೆಬಿಲ್ಲೆಯಾಗಿ ಮಲಗಿತು. ಮಣಿಕಟ್ಟು ಅಲುಗಿಸಿ ನೋಡಿಕೊಂಡಳು. ನೋವಿದೆಯಾ ಎಂದು ಕೇಳಿದೆ. ಇದೆ, ಆದರೆ ಇದರಿಂದಲ್ಲ ಎಂದಳು. ನಾವು ಆ ಟೊಮೆಟೊ ಅಷ್ಟನ್ನೂ ನಿಂತಲ್ಲೇ ತಿಂದೆವು.

ಇನ್ನು ನನ್ನ ಗಂಡನ ವಿಷಯ. ಅವರು ಬಸ್ ಕಂಡಕ್ಟರು. ಟಿಕೇಟಿನ ಜೊತೆ ಒಂದು ಮಾತು ಪುಕ್ಕಟೆ ಕೊಡದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ. ಕ್ಯಾಂಟೀನಿನ ಹೆಂಗಸರೆಲ್ಲ ಅವರ ಬಸ್ಸಿನಲ್ಲೇ ಓಡಾಡುವುದು. ಮೆಟ್ಟಿಲ ಮೇಲಿನ ಬೆಳಕು ತಪ್ಪಬಾರದೆಂದು ಅಕ್ಕ ಸಂಜೆ ಬೇರೆಯವರ ಜೊತೆ ನಿಲ್ಲದೆ ಮೊದಲ ಬಸ್ಸಿಗೇ ಓಡಿಬರುತ್ತಿದ್ದಳು, ಆಮೇಲಿನ ಬಸ್ಸಿನಲ್ಲಿ ಒಬ್ಬಾಕೆ ಕೇಳಿದಳಂತೆ, ನಿಮ್ಮ ಅತ್ತಿಗೆ ಯಾಕೆ ಈಚೆಗೆ ಮಾತಿಗೇ ಸಿಗುವುದಿಲ್ಲ ಎಂದು. ಇವರು ಟಿಕೇಟು ಹರಿಯುತ್ತಾ ಹೇಳಿದ್ದಾರೆ, "ಅತ್ತಿಗೇನಾ? ಮನೇಲಿ ದಿನಾ ಸಂಜೆ ಕತ್ತಿ ಮಸೀತಾ ಕೂತಿರ್ತಾರೆ!"

ಹೇಳಿದವರಿಗೆ ಅದು ಕಂಡದ್ದನ್ನು ಕಂಡ ಹಾಗೆ ಹೇಳಿದ ಮಾತು. ಕೇಳಿದವರಿಗೆ ಬೇರೆಯೇ. ಒಬ್ಬರಿಗೆ ಉಸ್ತುವಾರಿ ಸಿಕ್ಕಿದೆ, ಸಿಗದವಳು ಮಾತು ಬಿಟ್ಟಿದ್ದಾಳೆ, ಈಗ ಮನೆಯಲ್ಲಿ ಕೂತು ಕತ್ತಿ ಮಸೆಯುತ್ತಿದ್ದಾಳೆ ಎಂದರೆ ಯಾರ ಮೇಲೆ ಎಂದು ಬಿಡಿಸಿ ಹೇಳಬೇಕೇ? ಬಸ್ಸು ಕೊನೆಯ ನಿಲ್ದಾಣ ಮುಟ್ಟುವಷ್ಟರಲ್ಲಿ ಆ ಮಾತಿಗೆ ಕೈಕಾಲು ಬಂದಿತ್ತು. ಮರುದಿನ ಗಿಣಿಯ ಮೇಜಿನ ಮೇಲೆ ಹೋಗಿ ಕೂತಿತು.

ಅಕ್ಕ ಹರಿತವಾದ ಕತ್ತಿ ಹಿಡಿದು ಹುಮ್ಮಸ್ಸಿನಿಂದ ಹೋದ ದಿನವೇ ಗಿಣಿ ಅವಳನ್ನು ಕರೆದಳು. "ನಿಮ್ಮ ಕೈಗೆ ನೋವಂತಲ್ಲ. ಹಲಗೆ ಬೇಡ. ಇವತ್ತಿಂದ ತೊಟ್ಟಿ ಕಡೆ ಇರಿ," ಎಂದಳು. ಅವಳೂ ನೀವು ಎಂದಳು. ಅಕ್ಕ ಕತ್ತಿಯನ್ನು ಚೀಲದಲ್ಲಿಟ್ಟು ಸೆರಗು ಸಿಕ್ಕಿಸಿ ಡಬರಿಯೊಳಗೆ ಬಗ್ಗಿದಳು. ಯಾಕೆ ಹೀಗಾಯಿತೆಂದು ಅವಳಿಗೆ ಜೊತೆಯವರಿಂದ ತಿಳಿದದ್ದು ಸಂಜೆ.

ನಾನು ಆ ಸಂಜೆ ಗಂಡನಿಗೆ ಮಾಡಿದ ಪೂಜೆಯನ್ನು ಇಲ್ಲಿ ಬರೆಯುವ ಹಾಗಿಲ್ಲ. ಬಾಯಿಗೆ ಬೀಗ ಹಾಕಿಕೊಳ್ಳಲು ಆಗದಿದ್ದರೆ ಹೋಗಿ ಸರಿಮಾಡಿ ಬನ್ನಿ ಎಂದೆ. ಪಾಪ, ಹೋದರು. ಮರುದಿನ ತುಂಬಿದ ಬಸ್ಸಿನಲ್ಲಿ ಗಿಣಿಯ ಸೀಟಿನ ಹತ್ತಿರ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು:

"ತಪ್ಪು ತಿಳ್ಕೋಬೇಡಿ ಮೇಡಂ. ಅದು ಸುಮ್ನೆ ಬಾಯಿಮಾತಿನ ಕತ್ತಿ ಅಲ್ಲ. ನಿಜವಾದ ಕತ್ತಿ! ಈಗ ಎಷ್ಟು ಹರಿತ ಆಗಿದೆ ಅಂದ್ರೆ, ನೀವು ನೋಡ್ಬೇಕು!"

ಗಿಣಿ ಮುಂದಿನ ನಿಲ್ದಾಣದಲ್ಲೇ ಇಳಿದುಹೋದಳಂತೆ. ಇದನ್ನು ಅವರೇ ಮನೆಗೆ ಬಂದು, ಎಲ್ಲಿ ತಪ್ಪಿದೆ ಎಂದು ತಿಳಿಯದ ಮುಖ ಮಾಡಿಕೊಂಡು ಹೇಳಿದರು. ನಾನು ತಲೆ ಚಚ್ಚಿಕೊಂಡೆ. ಅಕ್ಕ ಮಾತ್ರ, "ಬಿಡು, ಬೈಬೇಡ. ಅವರದ್ದೇನೂ ತಪ್ಪಿಲ್ಲ," ಎಂದು ಸೋಪಿನ ನೀರಿಗೆ ಬೆಳ್ಳಗೆ ಸುಕ್ಕಾದ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಳು.

ತೊಟ್ಟಿಯ ಕೆಲಸ ಮಾಡಿ ಬಂದ ಮೇಲೂ ಅವಳು ಮೆಟ್ಟಿಲ ಮೇಲೆ ಕಲ್ಲು ಹಿಡಿದು ಕೂರುವುದು ನಿಲ್ಲಲಿಲ್ಲ. ಇನ್ನು ಯಾಕಕ್ಕ ಎಂದರೆ, ಬಿಟ್ಟರೆ ಕೈ ಮರೆತುಹೋಗುತ್ತದೆ ಎನ್ನುವಳು. ಮನೆಯ ಚಾಕು, ನನ್ನ ಕತ್ತರಿ, ಪಕ್ಕದ ಮನೆಯವರದು, ಏನು ಸಿಕ್ಕರೂ ಸರಿ. ಮುಖದಲ್ಲಿ ಮಾತ್ರ ಕಳೆ ಇರಲಿಲ್ಲ. ಕೈ ಹಿಂದೆ ಮುಂದೆ ಹೋಗುತ್ತಿತ್ತು, ಕಣ್ಣು ಇನ್ನೆಲ್ಲೋ ಇರುತ್ತಿತ್ತು.

ರಜೆಯ ದಿನ ಮಧ್ಯಾಹ್ನ ಗಿಣಿ ಮನೆಗೇ ಬಂದಳು. ಬಾಗಿಲು ತೆರೆದವಳು ನಾನು. ಕೂತುಕೊಳ್ಳಿ ಎಂದರೆ ಕೂರಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ. "ಎಲ್ಲಿ ಅವಳು?" ಎಂದಳು. ಹಿಂಬಾಗಿಲ ಕಡೆಯಿಂದ ಕಲ್ಲಿನ ಸದ್ದು ಕೇಳುತ್ತಿತ್ತು. ನೇರ ಅಲ್ಲಿಗೇ ಹೋದಳು. ನಾನು ಬಾಗಿಲ ಮರೆಯಲ್ಲಿ ನಿಂತೆ. ಇಂಥ ಹೊತ್ತಲ್ಲಿ ಮರೆಯಲ್ಲಿ ನಿಲ್ಲಬಾರದು ಎನ್ನುವ ಸಭ್ಯರು ಬೇರೆ ಯಾರಾದರೂ ಇರಬಹುದು.

ಅಕ್ಕ ತಲೆಯೆತ್ತಿ ನೋಡಿ, ಎದ್ದು ನಿಲ್ಲಲು ಹೋದಳು.

"ಕೂತ್ಕೋ," ಎಂದಳು ಗಿಣಿ. ಕಲ್ಲನ್ನು ನೋಡಿದಳು, ಅದರ ಮೇಲಿನ ಬೂದು ಕೆಸರನ್ನು ನೋಡಿದಳು. ಕತ್ತಿಯನ್ನು ಅಕ್ಕನ ಕೈಯಿಂದ ತೆಗೆದುಕೊಂಡು ಅಂಚಿಗೆ ಅಡ್ಡಡ್ಡ ಹೆಬ್ಬೆರಳು ಸವರಿದಳು. "ಯಾರು ಮಸೆದು ಕೊಟ್ರು ಇದನ್ನ?"

"ನಾನೇ ಮಸೆದೆ."

"ಯಾರು ಕಲಿಸಿದ್ರು?"

"ಫೋನು."

"ನನ್ನ ಕೇಳ್ಬಾರದಾಗಿತ್ತಾ?"

"ಸೊಂಟಕ್ಕೆ ಬೀಗದ ಕೈ ಸಿಕ್ಕಿಸ್ಕೊಂಡವರನ್ನ ಕತ್ತಿ ಮಸೆದು ಕೊಡಿ ಅಂತ ಹೇಗೆ ಕೇಳೋದು?"

"ಕೊಡಿ!" ಎಂದಳು ಗಿಣಿ. ಸೀರೆ ನೆನೆಯುವುದನ್ನೂ ನೋಡದೆ ಮೆಟ್ಟಿಲ ಮೇಲೆ ಕೂತಳು. "ಹಾಗಾದ್ರೆ ಜನ ಆಡ್ಕೊಂಡಿದ್ದು ಇದನ್ನೇನಾ? ಬರೀ ಈ ಕಲ್ಲು, ಈ ಕತ್ತಿ? ಅಷ್ಟೇನಾ? ನನ್ನ ಮೇಲೆ ಏನೂ ಇಲ್ಲ ಅಂತ ಒಂದು ಮಾತು ಹೇಳು ಸಾಕು. ನಾಳೆ ಬೆಳಿಗ್ಗೆ ಬಂದು ಹಲಗೆ ಮುಂದೆ ನಿಂತ್ಕೋ. ತೊಟ್ಟಿಗೆ ಬೇರೆಯವರನ್ನ ಹಾಕ್ತೀನಿ."

ಹೇಳಕ್ಕ, ಇಲ್ಲ ಅಂದುಬಿಡು, ಒಂದೇ ಮಾತು, ಎಂದು ನಾನು ಬಾಗಿಲ ಹಿಂದೆ ಒಳಗೊಳಗೇ ಕೂಗುತ್ತಿದ್ದೆ. ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಇದ್ದಳು.

"ಇಲ್ಲ ಅಂತ ಹೇಗೆ ಹೇಳ್ಲೇ?" ಎಂದಳು ಕೊನೆಗೆ. "ಮೊದಮೊದಲು ಬರೀ ಕತ್ತಿನೇ ಮಸೀತಿದ್ದೆ. ಆಮೇಲೆ ಕೈ ತಾನಾಗೇ ಆಡೋಕೆ ಶುರುವಾಯ್ತು, ಮನಸ್ಸಿಗೆ ಕೆಲಸ ಇಲ್ಲದೆ ಹೋಯ್ತು. ನಿನ್ನ ಮುಖಾನೇ ಬರೋದು. ನಿನಗೆ ಹಲಗೆ ಮುಂದೆ ಹೇಗೆ ನಿಂತ್ಕೋಬೇಕು ಅಂತ ತೋರಿಸಿಕೊಟ್ಟವಳು ನಾನು. ನಿನ್ನ ಕರೆದು ಕೂರಿಸಿದಾಗ, ಇವಳೂ ಒಬ್ಬಳು ಇದಾಳೆ ಅಂತ ಒಂದು ಮಾತು ಅಂದ್ಯಾ ನೀನು? ಅಂದಿದ್ರೂ ಅವರು ಕೇಳ್ತಿರಲಿಲ್ಲ, ಗೊತ್ತು ನನಗೆ. ಆದ್ರೂ ಎಳೆದಷ್ಟು ಸಲಾನೂ ನಿನ್ನ ಬೈಕೊಂಡಿದೀನಿ. ಜನ ತಪ್ಪೇನೂ ಹೇಳಿಲ್ಲ ಕಣೇ. ನಾನು ಎರಡನ್ನೂ ಮಸೀತಿದ್ದೆ."

ಒಳಗೆ ಭಾವ ಮಗ್ಗುಲು ಬದಲಿಸಿದ ಸದ್ದು ಕೇಳಿತು.

"ಬಾಯಿಬಿಟ್ಟು ಬೈಬೇಕಿತ್ತು," ಎಂದಳು ಗಿಣಿ. "ಬೈತೀಯ ಅಂತ ಕಾದೆ. ಬೈದಿದ್ರೆ ನಾನೂ ನಾಲ್ಕು ಬೈದು, ಅತ್ತು, ಮುಗಿಸ್ತಿದ್ದೆ. ನೀನು ನೀವು ಅಂದೆ. ಅಷ್ಟು ಜನರ ಮುಂದೆ ನನ್ನ ನೀವು ಅಂದೆ. ಅವತ್ತಿಂದ ಊಟ ಸೇರ್ತಿಲ್ಲ ನಂಗೆ. ತೊಟ್ಟಿಗೆ ಹಾಕಿದ್ದು ನಿನ್ನ ಕೈ ನೋಡಿ ಅಲ್ಲ. ಹೊಟ್ಟೆ ಉರಿದು ಹಾಕಿದೆ."

"ಗೊತ್ತು," ಎಂದಳು ಅಕ್ಕ.

ಗಿಣಿ ಕಣ್ಣೊರೆಸಿಕೊಂಡು ಎದ್ದಳು. ಕತ್ತಿಯನ್ನು ಕಲ್ಲಿನ ಪಕ್ಕದಲ್ಲಿಟ್ಟಳು. "ಬಾ ನಾಳೆ. ಹಲಗೆಗೇ ಬಾ."

"ಎದುರಿಗೆ ಯಾರಿರ್ತಾರೆ?"

"ಹೊಸಬಳು ಒಬ್ಬಳು ಬಂದಿದಾಳಲ್ಲ, ಅವಳು. ಚುರುಕಾಗಿದಾಳೆ."

"ನೀನು?"

"ನಾನು ಹೇಗೆ ಬರ್ಲೇ? ನನ್ನ ಅಲ್ಲಿ ಕೂರಿಸಿದಾರಲ್ಲ."

ಅವಳು ಹೋದಳು. ಅಕ್ಕ ಬೀದಿಬಾಗಿಲವರೆಗೂ ಹೋಗಿ ಬಂದು ಮತ್ತೆ ಮೆಟ್ಟಿಲ ಮೇಲೆ ಕೂತಳು. ನನಗೆ ಕುಣಿದಾಡುವಷ್ಟು ಸಂತೋಷ. "ಅಂತೂ ಹಲಗೆ ಸಿಕ್ತಲ್ಲಕ್ಕ! ನಿಜ ಹೇಳಿದ್ರೂ ಸಿಕ್ತು ನೋಡು. ಇನ್ನು ಆ ದರಿದ್ರ ಡಬರಿ ತಪ್ತು," ಎಂದು ಅವಳ ಭುಜ ಹಿಡಿದು ಅಲುಗಿಸಿದೆ. ಅವಳು ತಿರುಗಲಿಲ್ಲ. ಮುಂದೆ ಹೋಗಿ ನೋಡಿದರೆ ಅಳುತ್ತಿದ್ದಳು. ಮಾವ ಸತ್ತಾಗಲೂ, ಗಿರಣಿ ಮುಚ್ಚಿದಾಗಲೂ ನಮಗೆಲ್ಲ ಸಮಾಧಾನ ಹೇಳಿದವಳು ಮೂಗು ಬಾಯೆಲ್ಲ ನೀರಾಗಿ ಅಳುತ್ತಿದ್ದಳು.

"ಏನಾಯ್ತಕ್ಕ? ಕೈ ನೋಯ್ತಿದೆಯಾ?"

"ಅವಳು ಎದುರಿಂದ ಎದ್ದು ಹೋದಳಲ್ಲ, ಆ ದಿನಾನೇ ಅತ್ತುಬಿಡ್ಬೇಕಿತ್ತು ಕಣೇ," ಎಂದಳು. "ನಾನು ಇಷ್ಟು ದಿನ ಕೈ ನೋವು ಅಂದ್ಕೊಂಡಿದ್ದೆ."